ಮಶಿನ್ನು ಇಲ್ಲವೆಂದ ಗಂಟು

ಹೊರಡುವ ಮುಂಚೆ

ನನ್ನ ತಂಗಿ ವಿಮಲಾ ಫೋನಿನಲ್ಲಿ ಒಂದೇ ಉಸಿರಿಗೆ ಹೇಳಿದ್ದು ಇಷ್ಟು: "ಅಕ್ಕಾ, ನನಗ ಎದಿಯಾಗ ಒಂದ ಗಂಟ ಆಗೇತಿ, ಡಾಕ್ಟರು ಕ್ಯಾನ್ಸರ್ ಇದ್ರೂ ಇರಬಹುದು ಅಂದ್ರು, ನಮ್ಮ ರುತೂನ ಮಶಿನ್ ಏನೂ ಇಲ್ಲ ಅಂತು, ಸೋಮವಾರ ತ್ರ್ಯಂಬಕೇಶ್ವರದಾಗ ಪೂಜಾ ಇಟ್ಕೊಂಡೀವಿ, ನೀ ಬಾ."

ಎಲ್ಲಿಂದ ಕೇಳಲು ಶುರು ಮಾಡಬೇಕೋ ತಿಳಿಯದೆ ನಾನು, "ಉಪ್ಪಿನಕಾಯಿ ಎಷ್ಟ ತರಲಿ?" ಎಂದುಬಿಟ್ಟೆ. ಫೋನು ಇಟ್ಟ ಮೇಲೆ ನನ್ನ ಮೇಲೆ ನನಗೇ ಸಿಟ್ಟು ಬಂತು.

ಯಾಕೆಂದರೆ ಗಂಟಿನ ವಿಷಯ ನನಗೆ ಗೊತ್ತಿಲ್ಲದ್ದಲ್ಲ. ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ ನಿವೃತ್ತಳಾದವಳು ನಾನು. ಗಂಟಿಗೆ ಸೂಜಿ ಚುಚ್ಚಿ ತೆಗೆದ ಹನಿಯನ್ನು ಗಾಜಿನ ಸ್ಲೈಡಿನ ಮೇಲೆ ಹರಡಿ, ಬಣ್ಣ ಹಾಕಿ, ಮೈಕ್ರೊಸ್ಕೋಪಿನಲ್ಲಿ ಮೊದಲು ಕಣ್ಣಾಡಿಸುವುದು ನನ್ನ ಕೆಲಸವಾಗಿತ್ತು. ಕೊನೆಯ ಮಾತು ಡಾಕ್ಟರದು, ಮೊದಲ ನೋಟ ನನ್ನದು. ಊರವರ ಗಂಟುಗಳನ್ನೆಲ್ಲ ನೋಡಿದವಳಿಗೆ ಒಡಹುಟ್ಟಿದವಳ ಗಂಟು ಎಲ್ಲಾ ಮುಗಿದ ಮೇಲೆ ಪೂಜೆಯ ಕರೆಯೋಲೆಯ ಜೊತೆ ತಿಳಿಯಿತಲ್ಲ ಎಂದು ಹೊಟ್ಟೆ ಉರಿಯಿತು.

ಇದು ಕೊರೊನಾ ಬರುವುದಕ್ಕೆ ಒಂದು ವರ್ಷ ಮುಂಚಿನ ಮಾತು. ವಿಮಲಾಳ ಗಂಡ ಗುರುನಾಥ ಗದಗಿನವರು. ನಾಶಿಕದ ಹತ್ತಿರ ಓಝರಿನ ವಿಮಾನ ಕಾರ್ಖಾನೆಯಲ್ಲಿ ಅವರಿಗೆ ನೌಕರಿ. ಅವರ ಒಬ್ಬಳೇ ಮಗಳು ಋತುಜಾ, ನಮ್ಮ ರುತು, ಔರಂಗಾಬಾದಿನ (ಈಗದು ಛತ್ರಪತಿ ಸಂಭಾಜಿನಗರ) ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ಕ್ವಾಂಟಮ್ ಕಂಪ್ಯೂಟರಿಗೆ ಕ್ಯಾನ್ಸರ್ ಗುರುತಿಸಲು ಕಲಿಸುವುದು ಅವಳ ವಿಷಯ. ಹೀಗೆಂದು ಅವಳು ಮೂರು ಸಲ ಹೇಳಿದ್ದಳು, ನಾನು ಮೂರು ಸಲವೂ "ಭಾಳ ಚಲೋ ಆತು" ಎಂದಿದ್ದೆ. ತಲೆಬುಡ ಒಂದೂ ತಿಳಿದಿರಲಿಲ್ಲ.

ಮನ್ಮಾಡ್ ಅಂದುಕೊಂಡ ಕೋಪರಗಾಂವ್

ನಾನು ಮನ್ಮಾಡಿನಲ್ಲಿ ಇಳಿಯಬೇಕಿತ್ತು. ದೊಡ್ಡ ಜಂಕ್ಷನ್ನು, ತಪ್ಪುವ ಮಾತೇ ಇಲ್ಲ ಎಂದು ಗುರುನಾಥರು ಹೇಳಿದ್ದರು. ಬೆಳಿಗ್ಗೆ ಒಂದು ಸ್ಟೇಷನ್ನಿನಲ್ಲಿ ನಮ್ಮ ಡಬ್ಬಿಯ ಅರ್ಧಕ್ಕರ್ಧ ಜನ ದಡಬಡ ಎದ್ದು ಚೀಲ ಹೊತ್ತುಕೊಂಡರು. ಇಷ್ಟು ಜನ ಇಳಿಯುತ್ತಾರೆಂದರೆ ಇದೇ ಇರಬೇಕು ಎಂದು ನಾನೂ ಉಪ್ಪಿನಕಾಯಿ ಡಬ್ಬಿಯೊಂದಿಗೆ ಇಳಿದೆ. ಬೋರ್ಡು ನೋಡುವ ಗೋಜಿಗೇ ಹೋಗಲಿಲ್ಲ.

ಹೊರಗೆ ಬಂದರೆ ಕೆಂಪು ಸೀರೆಯ ಒಬ್ಬ ಹೆಂಗಸು "ಮಾವಶಿ, ಇಕಡೆ, ಇಕಡೆ!" ಎನ್ನುತ್ತ ನನ್ನ ಕೈ ಹಿಡಿದು ಒಂದು ದೊಡ್ಡ ಆಟೋದೊಳಗೆ ಕೂರಿಸಿಯೇಬಿಟ್ಟಳು. ಮಾವಶಿ ಎಂದರೆ ಚಿಕ್ಕಮ್ಮ, ದೊಡ್ಡಮ್ಮ. ಅಷ್ಟು ಸಲಿಗೆಯಿಂದ ಕರೆದದ್ದಕ್ಕೆ ಗುರುನಾಥರೇ ಯಾರನ್ನೋ ಕಳಿಸಿದ್ದಾರೆ ಎಂದುಕೊಂಡೆ. ಆ ಸೀಮೆಯಲ್ಲಿ ಕೂದಲು ನರೆತ ಎಲ್ಲರೂ ಎಲ್ಲರಿಗೂ ಮಾವಶಿಯೇ ಎಂದು ಗೊತ್ತಾಗಿದ್ದು ಆಮೇಲೆ. ಆಟೋ ಹೊರಡುವ ಹೊತ್ತಿಗೆ ಎಲ್ಲರೂ ಸಾಯಿಬಾಬಾನಿಗೆ ಜೈಕಾರ ಹಾಕಿದರು. ಆಗ ನನಗೆ ಎಚ್ಚರವಾಯಿತು. ಅವರೆಲ್ಲ ಶಿರಡಿಗೆ ಹೊರಟವರು, ನಾನು ಇಳಿದದ್ದು ಕೋಪರಗಾಂವ್. ಗಡಬಡಿಸಿ ಆಟೋದಿಂದ ಇಳಿದೆ.

"ಎಲ್ಲಿ ಅದೀರಿ ಅಕ್ಕಾರ? ಗಾಡಿ ಬಂದು ಹೋತು!" ಎಂದು ಸ್ವಲ್ಪ ಹೊತ್ತಿಗೆ ಮನ್ಮಾಡಿನಿಂದ ಗುರುನಾಥರ ಫೋನು. ಪಾಪ, ಕಾರು ತಿರುಗಿಸಿಕೊಂಡು ಒಂದೂವರೆ ತಾಸಿಗೆ ಬಂದರು. ಅಲ್ಲಿಯವರೆಗೆ ಕೆಂಪು ಸೀರೆಯವಳು ತನ್ನ ಆಟೋ ಬಿಟ್ಟು ನನ್ನ ಜೊತೆ ಕೂತು, ಎರಡು ಬೆರಳಲ್ಲಿ ಹಿಡಿಯಬಹುದಾದಷ್ಟು ಪುಟ್ಟ ಕಪ್ಪಿನಲ್ಲಿ ಎರಡು ಸಲ ಚಹಾ ಕುಡಿಸಿದಳು. ನಮ್ಮ ಕಡೆ ಪರಊರಿನವಳಿಗೆ ಹೀಗೆ ಯಾರಾದರೂ ಕಾಯುತ್ತಾರೆಯೇ ಎಂದು ಯೋಚಿಸಿದೆ. ಕಾಯುತ್ತಾರೆ, ಆದರೆ ನೂರೆಂಟು ಪ್ರಶ್ನೆ ಕೇಳುತ್ತಾರೆ. ಇವಳು ಒಂದೂ ಕೇಳಲಿಲ್ಲ.

ದಾರಿಯುದ್ದಕ್ಕೂ ಈರುಳ್ಳಿ ತುಂಬಿದ ಟ್ರ್ಯಾಕ್ಟರುಗಳ ಸಾಲು. ಗುರುನಾಥರು ಸ್ಟೇರಿಂಗ್ ಹಿಡಿದು ಹೇಳಿದರು: "ಎರಡ ತಿಂಗಳಾತ್ರಿ ಸೂಜಿ ಟೆಸ್ಟ್ ಮಾಡ್ಸಿ. ರಿಪೋರ್ಟದಾಗ ಅನುಮಾನ ಐತಿ, ಬಯಾಪ್ಸಿ ಮಾಡ್ರಿ ಅಂತ ಬರದಿದ್ರು. ಬೇಕಾದ್ರ ಇನ್ನೊಬ್ರಿಗೆ ತೋರಸ್ರಿ ಅಂತ ಲ್ಯಾಬಿನವರು ಸ್ಲೈಡ್ ಕೊಟ್ರು. ರುತು ಒಯ್ದು ಮಶಿನ್ನಿಗೆ ಹಾಕಿದ್ಲು. ನಾರ್ಮಲ್! ವಿಮಲಾನ ಮಕಾ ನೋಡ್ಬೇಕಿತ್ತು ನೀವು."

"ಬಯಾಪ್ಸಿ ಮಾಡಸ್ಲೇ ಇಲ್ಲೇನ್ರಿ?"

"ಮಶಿನ್ ಇಲ್ಲ ಅಂದ್ಮ್ಯಾಲೆ ಸುಮ್ನ ಯಾಕ ಕೊಯ್ಸೋದ್ರಿ?" ಎಂದರು. ಅವರು ಕಾರ್ಖಾನೆಯಲ್ಲಿ ವಿಮಾನದ ಬಿಡಿಭಾಗಗಳ ಮೇಲೆ ಕೆಂಪು ಬಣ್ಣ ಹರಡಿ ಕಣ್ಣಿಗೆ ಕಾಣದ ಬಿರುಕು ಹುಡುಕುವವರು. ಉಪಕರಣವನ್ನು ನಂಬುವುದು ಅವರಿಗೆ ಅನ್ನದ ಪ್ರಶ್ನೆ. ನಾನು ಕಿಟಕಿಯಾಚೆಯ ಈರುಳ್ಳಿ ಗಾಡಿ ಎಣಿಸತೊಡಗಿದೆ. ಆ ಮಶಿನ್ನಿನ ವಿಷಯ ನನಗೇನು ಗೊತ್ತಿತ್ತು?

ಓಝರ್

ಕಾರ್ಖಾನೆಯ ಕ್ವಾರ್ಟರ್ಸಿನ ಬಾಗಿಲಲ್ಲಿ ವಿಮಲಾ ಆರತಿ ತಟ್ಟೆ ಒಂದಿಲ್ಲ ಎನ್ನುವಷ್ಟು ಸಡಗರದಿಂದ ನಿಂತಿದ್ದಳು. ನಾನು ಚಪ್ಪಲಿ ಬಿಡುವ ಮೊದಲೇ "ತೋರಸು" ಎಂದೆ.

"ಅಯ್ಯ, ಏನ ತೋರಸೂದು? ಬಂದಾಕಿನ ಶುರು ಮಾಡಿದ್ಯಾ? ಮಶಿನ್ ಹೇಳೇತಿ, ಮುಗೀತು. ಕೈಕಾಲ ತೊಳ್ಕೊ, ಮಿಸಳ ಮಾಡೀನಿ."

ಮಿಸಳ ಎಂದರೆ ಮೊಳಕೆಕಾಳಿನ ಸಾರಿನ ಮೇಲೆ ಸೇವು-ಖಾರದ ಫರಸಾಣ ಉದುರಿಸಿ ಪಾವಿನೊಂದಿಗೆ ತಿನ್ನುವ ನಾಶಿಕದ ಬೆಳಗಿನ ತಿಂಡಿ. ಹುಬ್ಬಳ್ಳಿಯ ಮಿರ್ಚಿ ತಿಂದು ಬೆಳೆದ ನನ್ನ ಕಣ್ಣಲ್ಲೂ ನೀರು ಬಂತು. ಖಾರಕ್ಕೋ ಬೇರೆ ಯಾವುದಕ್ಕೋ ನನಗೇ ಗೊತ್ತಾಗಲಿಲ್ಲ.

ಮಧ್ಯಾಹ್ನ ಋತುಜಾ ಬಂದಳು. ಹುಟ್ಟಿ ಬೆಳೆದದ್ದು ಇಲ್ಲಿಯೇ ಆದ್ದರಿಂದ ಕನ್ನಡ ಎಲ್ಲ ತಿಳಿಯುತ್ತದೆ, ಬಾಯಲ್ಲಿ ಮಾತ್ರ ಅರ್ಧ ಬರುತ್ತದೆ. ನನಗೂ ಅವಳ ಹೆಸರು ಇಪ್ಪತ್ತಾರು ವರ್ಷವಾದರೂ ನಾಲಿಗೆಗೆ ಹತ್ತಿಲ್ಲ, ರುತು ಎನ್ನುತ್ತೇನೆ. ಅವಳ ಹತ್ತಿರ ಕೂತು, ಆ ಕ್ವಾಂಟಮ್ ಅಂದರೇನು, ಬಿಡಿಸಿ ಹೇಳು ಎಂದೆ.

"ಮಾವಶಿ, ಸಾಧಾ ಕಂಪ್ಯೂಟರ್ 'ಹೌದು' ಇಲ್ಲಾ 'ಅಲ್ಲ', ಒಂದೇ ಹಿಡೀತದ. ಕ್ವಾಂಟಮ್ ಹೌದೂ ಅಲ್ಲೂ ದೋನೀ, ಎರಡೂ ಒಮ್ಮೆ ಹಿಡೀತದ."

"ನಮ್ಮ ಲ್ಯಾಬಿನ್ಯಾಗ ಹಂತಾದ್ದು ಬಂದ್ರ 'ಮತ್ತೊಂದು ಸ್ಯಾಂಪಲ್ ಕಳಸ್ರಿ' ಅಂತ ಬರೀತಿದ್ವಿ," ಎಂದೆ.

ಅವಳು ನಕ್ಕಳು. ಆ ಯಂತ್ರ ಅಮೆರಿಕದಲ್ಲಿದೆಯಂತೆ. ಹಿಮಾಲಯಕ್ಕಿಂತ ಎಷ್ಟೋ ತಣ್ಣಗಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರಂತೆ. ಇಲ್ಲಿಂದ ಇಂಟರ್ನೆಟ್ಟಿನಲ್ಲಿ ಲೆಕ್ಕ ಕಳಿಸಿ, ಜಗತ್ತಿನವರ ಜೊತೆ ಸಾಲಿನಲ್ಲಿ ಕಾಯಬೇಕಂತೆ. ನನ್ನ ತಂಗಿಯ ಎದೆಯ ಹನಿ ಅಮೆರಿಕದಲ್ಲಿ ರೇಷನ್ ಅಂಗಡಿಯ ಸಾಲಿನಲ್ಲಿ ನಿಂತಂತೆ ನನಗೆ ಕಂಡಿತು. ಯಂತ್ರ ಇನ್ನೂ ಚಿಕ್ಕದಾದ್ದರಿಂದ ಇಡೀ ಚಿತ್ರ ಅದಕ್ಕೆ ಹಿಡಿಸುವುದಿಲ್ಲ, ಅದಕ್ಕೇ ಒಂದೊಂದು ಚಿತ್ರವನ್ನೂ ಹಿಂಡಿ ನಾಲ್ಕೇ ಅಂಕಿಗೆ ಇಳಿಸುತ್ತೇವೆ ಎಂದಳು.

"ನಾಕ ಅಂಕಿ? ಒಂದ ಸ್ಲೈಡ್ ನಾ ಅರ್ಧಾ ತಾಸು ನೋಡ್ತಿದ್ದೆನಲ್ಲವಾ!"

"ಪಣ... ಆದ್ರ ರಿಝಲ್ಟ್ ನೋಡು ನಾ, ಮಾವಶಿ. ತಪ್ಪೇ ಮಾಡೂದಿಲ್ಲ ಅದು." ಬರುವ ವಾರ ಕಾಲೇಜಿನ ಸೆಮಿನಾರಿನಲ್ಲಿ ಇದನ್ನೆಲ್ಲ ತೋರಿಸುವುದಿತ್ತು. ಅವಳ ಮುಖದಲ್ಲಿ ಎಷ್ಟು ಬೆಳಕಿತ್ತೆಂದರೆ ನನ್ನ ಪ್ರಶ್ನೆಗಳೆಲ್ಲ ಮುದುಕಿಯ ಹೊಟ್ಟೆಕಿಚ್ಚಿನಂತೆ ನನಗೇ ಕೇಳಿಸಿದವು. ಚಹಾಕ್ಕೆ ನೀರಿಡಲು ಎದ್ದೆ.

ತ್ರ್ಯಂಬಕೇಶ್ವರ

ಗುರುನಾಥರ ಕಾರು ಕೆಟ್ಟು ನಿಂತಿದ್ದರಿಂದ ಸೋಮವಾರ ನಾಶಿಕದಿಂದ ಶೇರ್ ಜೀಪಿನಲ್ಲಿ ಹೋದೆವು. ಎಂಟು ಜನ ಕೂರುವಲ್ಲಿ ಹದಿಮೂರು ಜನ. ಯಾರದೋ ಮೊಣಕೈ ತಾಗಿದ್ದಕ್ಕೆ ವಿಮಲಾ ಎಡಗಡೆ ಬಗ್ಗಿ ತುಟಿ ಕಚ್ಚಿದಳು. "ಏನಾತು?" ಎಂದರೆ "ಏನಿಲ್ಲ, ಜಾಗಾ ಇಲ್ಲ" ಎಂದಳು.

ಗುರೂಜಿ ಮೂವತ್ತರ ಹರೆಯದವರು. ಪಡಸಾಲೆಯಲ್ಲಿ ಕೂರಿಸಿ ಮೊದಲು ನಮ್ಮ ಊರು, ಗೋತ್ರ, ಅಜ್ಜನ ಹೆಸರು ಕೇಳಿದರು. ಬಟ್ಟೆ ಸುತ್ತಿದ ಉದ್ದನೆಯ ವಹಿಯೊಂದನ್ನು ತೆಗೆದು, ಗದಗ ಸೀಮೆಯಿಂದ ಎಂದೋ ಬಂದವರ ಹೆಸರುಗಳಲ್ಲಿ ಗುರುನಾಥರ ಮುತ್ತಜ್ಜನನ್ನು ಹುಡುಕಿಕೊಟ್ಟರು. ಗುರುನಾಥರು ಆ ಹೆಸರನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಒಂದೊಂದು ಮನೆತನಕ್ಕೆ ಪುಟಗಟ್ಟಲೆ ಬರೆದಿಟ್ಟಿದ್ದನ್ನು ನೋಡಿ ನನಗೂ ಖುಷಿಯಾಯಿತು.

ಯಾವ ಕಾರಣಕ್ಕೆ ಪೂಜೆ ಎಂದು ಅವರು ಕೇಳಿದರು. ಗುರುನಾಥರು ಮರಾಠಿಯಲ್ಲಿ ಹೆಮ್ಮೆಯಿಂದ ಎಲ್ಲವನ್ನೂ ಹೇಳಿದರು: ಗಂಟು, ಸೂಜಿ, ಮಗಳು, ಅಮೆರಿಕದ ಯಂತ್ರ. ಗುರೂಜಿ ತದೇಕಚಿತ್ತದಿಂದ ಕೇಳಿ, ದರ್ಭೆ ಕೆಳಗಿಟ್ಟು, "ಆಣಿ ಡಾಕ್ಟರ ಕಾಯ ಮ್ಹಣಾಲೆ?" ಎಂದರು. ಡಾಕ್ಟರು ಏನೆಂದರು?

 ವಿಮಲಾ ಸೆರಗು ಸರಿಮಾಡಿಕೊಳ್ಳುತ್ತ, ಯಂತ್ರದ ಫಲಿತಾಂಶ ಬಂದ ಮೇಲೆ ಡಾಕ್ಟರ ಹತ್ತಿರ ಹೋಗಲಿಲ್ಲ ಎಂದಳು. ಗುರೂಜಿ ದರ್ಭೆ ಎತ್ತಿಕೊಂಡು ಸಂಕಲ್ಪ ಶುರು ಮಾಡಿದರು. ಮಂತ್ರ ಒಂದೂ ನನ್ನ ಕಿವಿಗೆ ಬೀಳಲಿಲ್ಲ. ಮೂವತ್ತೊಂದು ವರ್ಷ ಸ್ಲೈಡು ನೋಡಿದ ನಾನು ಕೇಳಬೇಕಿದ್ದ ಪ್ರಶ್ನೆಯನ್ನು ಪೂಜೆ ಮಾಡಿಸುವ ಹುಡುಗನೊಬ್ಬ ಕೇಳಿದನಲ್ಲ! ಪ್ರಸಾದ ಕೈಗೆ ಬಂದ ಕೂಡಲೇ ರುತುಗೆ ಹೇಳಿದೆ: "ನಾಳೆ ನಿನ್ನ ಜೋಡಿ ನಾನೂ ಬರ್ತೀನಿ. ಮಶಿನ್ ನೋಡ್ಬೇಕು ನಾ."

ಔರಂಗಾಬಾದ್

ಕೆಂಪು ಬಸ್ಸಿನಲ್ಲಿ ಐದು ತಾಸು. ಯೇವಲೆಯಲ್ಲಿ ಹತ್ತಿದ ಅಜ್ಜಿಯೊಬ್ಬಳು ಕೇಳದೆಯೇ ತನ್ನ ಮೇಕೆಮರಿಯನ್ನು ನನ್ನ ತೊಡೆಯ ಮೇಲಿಟ್ಟು ನಿದ್ದೆ ಹೋದಳು. ಅದು ಇಳಿಯುವ ತನಕ ನನ್ನ ಸೆರಗು ಜಗಿಯುತ್ತಿತ್ತು.

ಕಾಲೇಜಿನಲ್ಲಿ ಏನೋ ದೊಡ್ಡದೊಂದು ಗುಂಯ್ಗುಡುವ ಯಂತ್ರ ಇರುತ್ತದೆ ಎಂದುಕೊಂಡಿದ್ದೆ. ನೋಡಿದರೆ ಒಂದು ಕೋಣೆ, ಕಿರ್ ಎನ್ನುವ ಫ್ಯಾನು, ಒಂದು ಹಳೆಯ ಮೈಕ್ರೊಸ್ಕೋಪಿಗೆ ಸಿಕ್ಕಿಸಿದ ಕ್ಯಾಮೆರಾ, ಒಂದು ಲ್ಯಾಪ್‌ಟಾಪು.

"ಮಶಿನ್ ಎಲ್ಲೈತಿ?"

"ಇದೇ, ಮಾವಶಿ."

ನಾನು ಲ್ಯಾಪ್‌ಟಾಪಿನ ಹಿಂದೆ ಬಗ್ಗಿ ನೋಡಿದೆ. ನಿಜವಾಗಿಯೂ ನೋಡಿದೆ, ನಗಬೇಡಿ. ಅಲ್ಲೊಂದು ವೈರು, ಸ್ವಲ್ಪ ಧೂಳು.

ರುತು ಚಿತ್ರಗಳನ್ನು ತೋರಿಸತೊಡಗಿದಳು. ಒಂದು ಆಸ್ಪತ್ರೆ ಪಾಠಕ್ಕೆಂದು ಇಟ್ಟುಕೊಂಡಿದ್ದ ಹಳೆಯ ಸ್ಲೈಡುಗಳನ್ನು ಅವಳಿಗೆ ಕೊಟ್ಟಿತ್ತು. ಎಡಗಡೆ ನಾರ್ಮಲ್, ಬಲಗಡೆ ಕ್ಯಾನ್ಸರ್. ಇವನ್ನೇ ತೋರಿಸಿ ತೋರಿಸಿ ಯಂತ್ರಕ್ಕೆ ಕಲಿಸಿದ್ದು. ನಾನು ಕನ್ನಡಕ ಏರಿಸಿ ನೋಡಿದೆ. ಬಲಗಡೆಯ ಮೊದಲ ಚಿತ್ರದ ಮೂಲೆಯಲ್ಲಿ ನೀಲಿ ಮಬ್ಬು. ಎರಡನೆಯದರಲ್ಲೂ ಇತ್ತು. ಹತ್ತನೆಯದರಲ್ಲೂ ಇತ್ತು.

"ಲೆನ್ಸ್ ಹೊಲಸಾಗೇತೇನ ಇದು?" ಎಂದೆ. ಎಡಗಡೆ ನೋಡಿದರೆ ಎಲ್ಲವೂ ಸ್ವಚ್ಛ. ಆಗ ತಟ್ಟನೆ ಹೊಳೆದು ನನಗೆ ನಗು ಬಂತು. ಇದು ನಮ್ಮಂಥವರ ಕೈಯ ಗುರುತು! ಸ್ಲೈಡು ನೋಡುವವರು ಅನುಮಾನದ ಕೋಶ ಕಂಡ ಕೂಡಲೇ ಅದರ ಪಕ್ಕದ ಗಾಜಿನ ಮೇಲೆ ಪೆನ್ನಿನಿಂದ ಒಂದು ಚುಕ್ಕೆ ಇಡುತ್ತೇವೆ, ಡಾಕ್ಟರು ಹುಡುಕಾಡದೆ ನೆಟ್ಟಗೆ ಅಲ್ಲಿಗೇ ಬರಲಿ ಎಂದು. ಏನೂ ಇಲ್ಲದ ಸ್ಲೈಡಿಗೆ ಯಾರು ಚುಕ್ಕೆ ಇಡುತ್ತಾರೆ?

"ಇವು ಇಂಕಿನ ಚುಕ್ಕಿ, ರುತು. ನಾನೂ ಲಕ್ಷಗಟ್ಟಲೆ ಇಟ್ಟೀನಿ," ಎಂದು ನಗುತ್ತಲೇ ಹೇಳಿದೆ. ಹೇಳುತ್ತಿರುವಾಗಲೇ ನನ್ನ ನಗು ನಿಂತಿತು. ರುತುಳ ಮುಖದ ಬಣ್ಣವೂ ಬದಲಾಯಿತು. ಅವಳು ಬುದ್ಧಿವಂತೆ, ನಾನು ಮುಂದೆ ಬಿಡಿಸಿ ಹೇಳಬೇಕಾಗಲಿಲ್ಲ.

"ನಾಲ್ಕ್ ಅಂಕಿ..." ಎಂದಳು ಮೆಲ್ಲಗೆ. "ಸಗಳ್ಯಾತ ಮೋಠಾ ಫರಕ್ ತೋಚ್. ಎಲ್ಲಾಕಿಂತ ದೊಡ್ಡ ಫರಕ್ ಇಂಕೇ ಅದ. ಮಶಿನ್ ಅದನ್ನೇ ಕಲಿತದ."

"ನಿಮ್ಮವ್ವನ ಸ್ಲೈಡಿನ್ಯಾಗ ಚುಕ್ಕಿ ಇತ್ತೇನ?"

ಅವಳು ಡಬ್ಬಿಯಿಂದ ತೆಗೆದು ಕೈಗಿತ್ತಳು. ಗಾಜು ಫಳಫಳ ಹೊಳೆಯುತ್ತಿತ್ತು. ಹೊಳೆಯಲೇಬೇಕು. ಎರಡನೆಯ ಅಭಿಪ್ರಾಯಕ್ಕೆ ಸ್ಲೈಡು ಹೊರಗೆ ಕಳಿಸುವಾಗ ಒಳ್ಳೆಯ ಲ್ಯಾಬಿನವರು ಚುಕ್ಕೆಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿಯೇ ಕಳಿಸುತ್ತಾರೆ. ಇನ್ನೊಬ್ಬರು ನಮ್ಮ ಚುಕ್ಕೆ ಹಿಡಿದು ನೋಡಬಾರದು, ತಮ್ಮ ಕಣ್ಣಿಂದಲೇ ನೋಡಬೇಕು ಎಂಬುದು ನಮ್ಮ ಕಸುಬಿನ ಮರ್ಯಾದೆ. ಆ ಮರ್ಯಾದೆಯೇ ಇಲ್ಲಿ ನನ್ನ ತಂಗಿಗೆ ಮುಳುವಾಗಿತ್ತು.

ಪರೀಕ್ಷೆ ಮಾಡಿಯೇ ಬಿಡೋಣ ಎಂದೆವು. ಅಮೆರಿಕದ ಸಾಲು ಕಾಯದೆ ಆ ಯಂತ್ರದ ನಕಲನ್ನು ಲ್ಯಾಪ್‌ಟಾಪಿನಲ್ಲೇ ನಡೆಸಬಹುದಂತೆ. ಒಂದು ನಾರ್ಮಲ್ ಸ್ಲೈಡಿಗೆ ನಾನು ಚುಕ್ಕೆ ಇಟ್ಟೆ, ಅವಳು ಫೋಟೊ ತೆಗೆದಳು. ಕ್ಯಾನ್ಸರ್ ಎಂದಿತು. ಒಂದು ಕ್ಯಾನ್ಸರ್ ಸ್ಲೈಡಿನ ಚುಕ್ಕೆ ಒರೆಸಿದೆ. ನಾರ್ಮಲ್ ಎಂದಿತು. ರುತು ಕುರ್ಚಿಯಲ್ಲಿ ಕುಸಿದು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

ಹೌದೂ ಅಲ್ಲವೂ ಒಟ್ಟಿಗೆ ಇರುವ ಆ ಲೋಕ ನನಗೆ ಇಂದಿಗೂ ತಿಳಿದಿಲ್ಲ. ಆದರೆ ಮುಂದೆ ಮಾಡಬೇಕಾದದ್ದು ತಿಳಿದಿತ್ತು. ವಿಮಲಾಳ ಸ್ಲೈಡನ್ನು ಮೈಕ್ರೊಸ್ಕೋಪಿನ ಕೆಳಗಿಟ್ಟೆ. ಜೀವಮಾನವಿಡೀ ನಾನು ನೋಡಿದ್ದು ನಂಬರು ಬರೆದ ಸ್ಲೈಡುಗಳನ್ನು. ಇದರ ಮೇಲೆ ನನ್ನ ತಂಗಿಯ ಹೆಸರಿತ್ತು. ಎರಡು ಸಲ ಫೋಕಸ್ ತಪ್ಪಿತು. ಒಂದನ್ನೊಂದು ಅಂಟಿಕೊಂಡು ಹಾಸಿನಂತೆ ಇರಬೇಕಾದ ಕೋಶಗಳು ಬಿಡಿಬಿಡಿಯಾಗಿ ಚೆದುರಿದ್ದವು. ಒಳಗಿನ ಬೀಜಗಳು ದಪ್ಪಗೆ, ಒಂದೊಂದು ಒಂದೊಂದು ಅಳತೆ. ನಾನು ಡಾಕ್ಟರಲ್ಲ. ಆದರೆ ನನ್ನ ಕೈ ನನ್ನನ್ನು ಕೇಳದೆಯೇ ಪೆನ್ನು ತೆಗೆದುಕೊಂಡು ಆ ಜಾಗದ ಪಕ್ಕ ಒಂದು ಚುಕ್ಕೆ ಇಟ್ಟಿತು. ಆಮೇಲೆ ಅಲ್ಲೇ ಕೂತು ಅತ್ತೆ.

ಮತ್ತೆ ಓಝರ್

ಮರುದಿನ ಇಬ್ಬರೂ ವಾಪಸಾದೆವು. ದಾರಿಯಲ್ಲಿ ನಾನು, "ನಾ ಹೇಳ್ತೀನಿ, ನೀ ಸುಮ್ನಿರು" ಎಂದೆ. ರುತು ಬೇಡವೆಂದಳು. ತಾನೇ ಹೇಳಿದ್ದು, ತಾನೇ ತಿದ್ದಬೇಕು ಎಂದಳು.

ವಿಮಲಾ ಅಡುಗೆಮನೆಯಲ್ಲಿ ಮೆಂತ್ಯೆಸೊಪ್ಪು ಬಿಡಿಸುತ್ತ ಕೂತಿದ್ದಳು. ರುತು ಎದುರಿಗೆ ಮಂಡಿಯೂರಿ ಕೂತಳು. "ಆಯೀ, ಮಶಿನ್ ತಪ್ಪ್ ಹೇಳ್ತು. ಅದು ಕ್ಯಾನ್ಸರ್ ನೋಡೂದಿಲ್ಲ, ಇಂಕ್ ನೋಡ್ತದ. ನನ್ದೇ ತಪ್ಪ್. ನೀ ಬಯಾಪ್ಸಿ ಮಾಡಸು."

ವಿಮಲಾ ಸೊಪ್ಪಿನಿಂದ ಕಣ್ಣೆತ್ತಲಿಲ್ಲ. "ಗೊತ್ತಿತ್ತವಾ," ಎಂದಳು.

"ಏನ ಗೊತ್ತಿತ್ತು?" ಎಂದು ಕೂಗಿದವಳು ನಾನು.

"ತಿಂಗಳಾತು, ದೊಡ್ಡದಾಗಾಕತ್ತೇತಿ. ಮೈ ತೊಳ್ಕೊಳ್ಳುಮುಂದ ಕೈಗೆ ಹತ್ತತೈತಿ. ಈಗ ಬಗಲಾಗೂ ಒಂದ ಕಾಳಿನಷ್ಟು ಬಂದೇತಿ."

"ಮತ್ತ ಬಾಯಿ ಯಾಕ ಬಿಡ್ಲಿಲ್ಲ? ಪೂಜಾ ಮಾಡಸ್ತಿ, ಮಿಸಳ ಮಾಡ್ತಿ!"

"ಹೆಂಗ ಹೇಳ್ಲಿ ಅಕ್ಕಾ? ನಾಕ ವರ್ಷ ಆತು ಈ ಕೂಸು ಊಟಾ ನಿದ್ದಿ ಬಿಟ್ಟು ಇದನ್ನ ಮಾಡ್ಯಾಳ. ಅಕಿ ಮಶಿನ್ನಿಗೆ ಮೊದಲ ಪೇಶಂಟು ನಾನ. ಹೆತ್ತ ತಾಯೀನ ಸುಳ್ಳ ಅಂದ್ರ ಮತ್ಯಾರು ಖರೇ ಅಂತಾರ? ಸೆಮಿನಾರ್ ಒಂದ ಮುಗೀಲಿ, ಆಮ್ಯಾಲೆ ಹೋದ್ರಾತು ಅಂತಿದ್ದೆ."

ಅವಳ ಕೆನ್ನೆಗೆ ಬಾರಿಸಬೇಕೆನಿಸಿತು ನನಗೆ. ರುತು ತಾಯಿಯ ಮಡಿಲಲ್ಲಿ ಮುಖ ಹುದುಗಿಸಿ ಮರಾಠಿಯಲ್ಲಿ ಏನೇನೋ ಹೇಳುತ್ತ ಬಿಕ್ಕುತ್ತಿದ್ದಳು. ಬಾಗಿಲಲ್ಲಿ ನಿಂತಿದ್ದ ಗುರುನಾಥರು ಒಳಗೆ ಹೋಗಿ ಹಳೆಯ ರಿಪೋರ್ಟಿನ ಫೈಲು ತೆಗೆದುಕೊಂಡು ಬಂದರು.

ನಾಶಿಕ್

ಅದೇ ವಾರ ಬಯಾಪ್ಸಿಯಾಯಿತು. ನಾನು ವಾಪಸು ಹೋಗುವ ಟಿಕೆಟ್ ರದ್ದು ಮಾಡಿದೆ. ಸೆಮಿನಾರಿನ ದಿನ ರುತು ಔರಂಗಾಬಾದಿಗೆ ಹೋಗಿ, ತನ್ನ ಗೈಡ್ ಸರ್ ಬೇಡವೆಂದರೂ ಕೇಳದೆ, ಎಲ್ಲರ ಮುಂದೆ ಎರಡು ಚಿತ್ರ ಇಟ್ಟು ತನ್ನ ಯಂತ್ರ ಕಲಿತದ್ದು ಏನನ್ನು ಎಂದು ತೋರಿಸಿ ಬಂದಳು. ಸ್ಲೈಡುಗಳನ್ನೆಲ್ಲ ಒರೆಸಿ ಮೊದಲಿನಿಂದ ಫೋಟೊ ತೆಗೆಯಬೇಕು. ಹಾಗೆ ಮಾಡಿದ ಮೊದಲ ಕಂತಿನಲ್ಲಿ ಯಂತ್ರ ಅರ್ಧಕ್ಕರ್ಧ ತಪ್ಪು ಹೇಳುತ್ತಿದೆ ಎಂದಳು. ಕಣ್ಣು ಬಾತಿದ್ದವು, ಆದರೂ ಕೆಲಸ ಬಿಡುವ ಮಾತಾಡಲಿಲ್ಲ.

ರಿಪೋರ್ಟು ಬಂದ ದಿನ ನಾಲ್ವರೂ ಆಸ್ಪತ್ರೆಗೆ ಹೋದೆವು. ಡಾಕ್ಟರು ಐವತ್ತು ದಾಟಿದ ಹೆಂಗಸು, ಮಾತು ಕಡಿಮೆ. ನಾನು ನೋಡಿದ್ದು ಸುಳ್ಳಾಗಲಿ ಎಂದು ಹರಕೆ ಹೊತ್ತಿದ್ದೆ. ಸುಳ್ಳಾಗಿರಲಿಲ್ಲ. ಕ್ಯಾನ್ಸರೇ. ಬಗಲಿಗೂ ಸ್ವಲ್ಪ ಹರಡಿದೆ, ಆದರೆ ಆಪರೇಷನ್ ಮಾಡಬಹುದು, ಆಮೇಲೆ ಔಷಧ ಕೊಟ್ಟು ಹತೋಟಿಗೆ ತರಬಹುದು ಎಂದು ಡಾಕ್ಟರು ನಿಧಾನವಾಗಿ ಮರಾಠಿಯಲ್ಲಿ ತಿಳಿಸಿದರು. ಗುರುನಾಥರು ನನಗಾಗಿ ಕನ್ನಡದಲ್ಲಿ ಹೇಳಲು ಹೋಗಿ ಅರ್ಧಕ್ಕೇ ನಿಲ್ಲಿಸಿದರು. ಬೇಕಿರಲಿಲ್ಲ, ನನಗೆ ಎಲ್ಲವೂ ತಿಳಿದಿತ್ತು.

ಆಮೇಲೆ ಡಾಕ್ಟರು ಫೈಲಿನ ಹಳೆಯ ತಾರೀಖಿನ ಮೇಲೆ ಬೆರಳಿಟ್ಟರು. ಎರಡು ತಿಂಗಳ ಹಿಂದೆಯೇ ಹೇಳಿದ್ದೆನಲ್ಲ, ಇಷ್ಟು ತಡ ಯಾಕೆ ಮಾಡಿದಿರಿ? ಬಗಲಿಗೆ ಹೋಗುವ ಮೊದಲೇ ಬಂದಿದ್ದರೆ ಎಷ್ಟು ಸುಲಭವಾಗುತ್ತಿತ್ತು ಎಂದು ಸಿಟ್ಟಿನಿಂದಲೇ ಕೇಳಿದರು.

"ಮಾಝ್ಯಾಮುಳೆ," ಎಂದಳು ರುತು. ನನ್ನಿಂದ. ಅವಳ ಮುಖ ಬಿಳಿಚಿಕೊಂಡಿತ್ತು.

ವಿಮಲಾ ಅವಳ ಕೈಯನ್ನು ಗಟ್ಟಿಯಾಗಿ ಅದುಮಿ ಹಿಡಿದಳು. "ನಾಹೀ ಡಾಕ್ಟರ," ಎಂದಳು. "ಘರೀ ಮಾಝೀ ಬಹೀಣ ಆಲೀ ಹೋತೀ. ತಿಲಾ ಸೋಡೂನ ಕಶೀ ಯೇಣಾರ?" ಮನೆಗೆ ನನ್ನ ಅಕ್ಕ ಬಂದಿದ್ದಳು, ಅವಳನ್ನು ಬಿಟ್ಟು ಹೇಗೆ ಬರಲಿ?

ಡಾಕ್ಟರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ದೋನ ಮಹಿನೇ?" ಎಂದರು. ಎರಡು ತಿಂಗಳು?

ನಾನು ಬಂದು ಹದಿನಾಲ್ಕು ದಿನವಾಗಿತ್ತು.

"ಹೋ," ಎಂದೆ. ಹೌದು. "ದೋನ ಮಹಿನೇ."

ಡಾಕ್ಟರು ತಲೆಯಲ್ಲಾಡಿಸಿ, ನನ್ನಂಥ ನೆಂಟರ ಬಗ್ಗೆ ಏನೋ ಗೊಣಗಿಕೊಂಡು, ಆಪರೇಷನ್ನಿನ ದಿನ ಬರೆದುಕೊಟ್ಟರು.